ನಾನು ದಾಟಿಸಿದ ವಚನ

ಮಧುಗಿರಿಯ ನಮ್ಮ ಚರ್ಚಿನಲ್ಲಿ ಶನಿವಾರ ಮಧ್ಯಾಹ್ನ ಹೆಂಗಸರ ಕೂಟ. ಚಾಪೆಯ ಮೇಲೆ ಸುತ್ತ ಕೂತು ಸತ್ಯವೇದವನ್ನು ಸರದಿಯಂತೆ ಓದುತ್ತೇವೆ, ಒಬ್ಬೊಬ್ಬರಿಗೆ ಒಂದೊಂದು ವಚನ. ಕೂಟ ನಡೆಸುವವಳು ನಾನು. ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆ, ಯಾರು ತಡವರಿಸಿದರೂ ತಿದ್ದದೆ ಬಿಡುತ್ತಿರಲಿಲ್ಲ.

ಹೋದ ವರ್ಷ ನನಗೊಂದು ಹುಮ್ಮಸ್ಸು ಬಂತು. ಅರಸರು, ಪ್ರವಾದಿಗಳು ಸಾಕು, ಯಾರೂ ಗಮನಿಸದವರ ಮೇಲೆ ದೇವರ ಕೃಪೆ ಹೇಗಿತ್ತೆಂದು ಮಾತಾಡೋಣ ಅಂದೆ. ಮೊದಲಿಗೆ ಆರಿಸಿಕೊಂಡದ್ದು ಸಿರಿಯಾದ ಸೇನಾಪತಿಯ ಮನೆಯಲ್ಲಿದ್ದ ದಾಸಿ ಹುಡುಗಿ. ಅವಳನ್ನು ಸೆರೆ ಹಿಡಿದು ತಂದವರ ಒಡೆಯನಿಗೇ ಕುಷ್ಠ ಬಂದಾಗ, ವಾಸಿಯಾಗುವ ದಾರಿ ತೋರಿಸಿದವಳು. ಹೆಸರು ಎಲ್ಲೂ ಇಲ್ಲ. ಅವಳು ಆಡಿದ್ದು ಒಂದೇ ಮಾತು, ಅದು ಅವಳ ಕಥೆ ಬರುವ ಅಧ್ಯಾಯದ ಮೂರನೆಯ ವಚನದಲ್ಲಿದೆ.

ನಮ್ಮ ಚರ್ಚಿನ ಕಸ ಗುಡಿಸುವ ಹೆಂಗಸು ಮಿಡಿಗೇಶಿಯಿಂದ ಬಸ್ಸಿನಲ್ಲಿ ಬರುತ್ತಾರೆ. ಕೂಟದಲ್ಲಿ ಯಾವಾಗಲೂ ಓದಿನ ಸರದಿಗೆ ಸೇರದೆ ಬಾಗಿಲ ಬಳಿ ಕೂರುವವರು, ಅಂದು ನನ್ನ ಎಡಕ್ಕೆ ಮೂರನೆಯವರಾಗಿ ಕೂತರು. ಓದು ಎಡದಿಂದ ಶುರುವಾಯಿತು. ಇಬ್ಬರು ಓದಿದರು. ಆಕೆ ಪುಸ್ತಕವನ್ನು ಮುಖದ ಹತ್ತಿರ ತಂದುಕೊಂಡರು. ಪಾಪ, ಅಕ್ಷರ ಬಾರದು, ನಾಚಿಕೆಯಾಗದಿರಲಿ ಎಂದು ನಾನು ಪಕ್ಕದವರಿಗೆ ‘ನೀವು ಓದಿ’ ಅಂದುಬಿಟ್ಟೆ. ಆಮೇಲೆ ಅರ್ಧ ಗಂಟೆ, ಸಣ್ಣವರ ಮಾತಿಗೆ ಯಾರೂ ಕಿವಿಗೊಡುವುದಿಲ್ಲವೆಂದು ಗಂಟಲು ಹರಿಯುವಂತೆ ಮಾತಾಡಿದೆ.

ಎಲ್ಲರೂ ಹೋದ ಮೇಲೆ ಆಕೆ ಚಾಪೆ ಸುತ್ತುತ್ತಾ ಹೇಳಿದರು: “ಟೀಚರಮ್ಮ, ಅಂಗನವಾಡಿ ಮೇಡಂ ತಾವ ಅಕ್ಸರ ಕಲ್ತಿವ್ನಿ. ಹೋದ ವಾರ ನೀವು ಯಾವ್ದು ಓದ್ಬೇಕು ಅಂತ ಹೇಳಿದ್ರಲ್ಲ, ಮೂರ್ನೇದು ಒಂದನ್ನೇ ವಾರೆಲ್ಲಾ ಓದಿ ಓದಿ ಇಟ್ಕೊಂಡಿದ್ದೆ. ಎಣಿಸ್ಕೊಂಡೇ ಅಲ್ಲಿ ಕುಂತಿದ್ದು.”

ಆಗಲಾದರೂ ತಪ್ಪಾಯಿತು ಅನ್ನಬಹುದಿತ್ತು. ನನ್ನ ಜಂಬ ಬಿಡಬೇಕಲ್ಲ. “ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?” ಎಂದು ಗದರಿಸಿದೆ. ನನಗಿಂತ ಹಿರಿಯಳನ್ನು, ಏಕವಚನದಲ್ಲಿ. ಮುಂದಿನ ಎರಡು ಶನಿವಾರ ಆಕೆ ಕಸ ಗುಡಿಸಿ, ಕೂಟಕ್ಕೆ ಕೂರದೆ ಬಸ್ಸು ಹತ್ತಿದರು. ಆ ದಾಸಿ ಹುಡುಗಿಗೆ ದೇವರು ಕೊಟ್ಟಿದ್ದ ಒಂದೇ ಮಾತನ್ನೂ ನಾನು ಈಕೆಯ ಬಾಯಿಂದ ಕಿತ್ತುಕೊಂಡೆನಲ್ಲಾ ಎಂದು ಊಟ ಸೇರಲಿಲ್ಲ.

ಮಿಡಿಗೇಶಿಗೆ ಹೋದೆ. ಆಕೆ ಜಗಲಿಯ ಮೇಲೆ ಕಡ್ಲೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು, “ಅಕ್ಕಾ, ನನ್ನದು ತಪ್ಪಾಯ್ತು” ಅಂದೆ.

“ಅಯ್ಯೋ, ಬುಡಿ ಟೀಚರಮ್ಮ.”

ಚೀಲದಿಂದ ಸತ್ಯವೇದ ತೆಗೆದು, ಈಗ ನನಗಾಗಿ ಆ ವಚನ ಓದಿ ಎಂದು ಕೇಳಿದೆ. ಆಕೆ ಪುಸ್ತಕ ಮುಟ್ಟಲಿಲ್ಲ.

“ನಿಮ್ಗೊಬ್ರಿಗೇ ಯಾಕೆ ಓದ್ಲಿ? ನನ್ನ ದಾಟ್ಸಿದ್ದು ಎಲ್ಲಾರ ಮುಂದೆ ಅಲ್ವಾ?”

ಸರಿಯಾದ ಮಾತೇ.

ಆ ಶನಿವಾರ ಎಲ್ಲರ ಮುಂದೆ ನಡೆದದ್ದನ್ನು ಹೇಳಿ, ಅದೇ ಅಧ್ಯಾಯವನ್ನು ಮತ್ತೆ ತೆಗೆಸಿದೆ. ಆಕೆ ಮೂರನೆಯವರಾಗಿ ಕೂತರು, ನಾನು ಅವರ ಪಕ್ಕ, ನಾಲ್ಕನೆಯವಳಾಗಿ. ಆಕೆ ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ನಡುವೆ ಒಂದು ಪದದಲ್ಲಿ ನಿಂತರು. ಹೇಳಿಕೊಡಲು ನನ್ನ ನಾಲಿಗೆ ತುದಿಗೆ ಬಂತು, ಕಚ್ಚಿಕೊಂಡು ಕೂತೆ. ಆಕೆ ತಾವೇ ಕೂಡಿಸಿಕೊಂಡು ಓದಿ ಮುಗಿಸಿದರು.

ನಾಲ್ಕನೆಯ ವಚನ ನನ್ನದು. ಹುಡುಗಿ ಹೇಳಿದ ಮಾತನ್ನು ಸೇನಾಪತಿ ಹೋಗಿ ರಾಜನಿಗೆ ತಿಳಿಸುವುದು ಅದರಲ್ಲಿದೆ. ಕಣ್ಣು ಮಂಜಾಗಿ ನನಗೆ ಸಾಲೇ ಕಾಣಲಿಲ್ಲ. ಆಕೆ ನನ್ನ ಪುಸ್ತಕದ ಮೇಲೆ ಬೆರಳಿಟ್ಟು ತೋರಿಸಿದರು.

“ಇಲ್ಲೈತೆ ಟೀಚರಮ್ಮ, ನಿಮ್ದು. ನಿಧಾನಕ್ಕೆ ಓದಿ.”