ನಾಲ್ಕು ಜಗಲಿಗಳ ದಾರಿ

ಶಿಡ್ಲಘಟ್ಟದ ಹಳೇ ಪೇಟೆಯ ನಮ್ಮ ಬೀದಿಯಲ್ಲಿ ಈಗ ನೀವು ನಿಶ್ಚಿಂತೆಯಿಂದ ನಡೆಯಬಹುದು. ಸೈಕಲ್ಲನ್ನೂ ತುಳಿಯಬಹುದು. ಈ ತುದಿಯಲ್ಲಿ ನಿಂತರೆ ಆ ತುದಿ ಕಾಣುತ್ತದೆ, ನಡುವೆ ಒಂದು ಮೆಟ್ಟಿಲೂ ಅಡ್ಡ ಬರುವುದಿಲ್ಲ. ಹೊರಗಿನಿಂದ ಬಂದವರು ನೋಡಿ ಹೊಗಳುತ್ತಾರೆ. ಇದರ ನಕ್ಷೆ ಬರೆದವರು ಇವರೇ ಎಂದು ಯಾರಾದರೂ ನನ್ನ ಕಡೆ ಕೈ ತೋರಿಸಿದರೆ ಮಾತ್ರ ನನಗೆ ಅಲ್ಲಿಂದ ಎದ್ದು ಹೋಗೋಣ ಅನ್ನಿಸುತ್ತದೆ.

ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಮಂಚೇನಹಳ್ಳಿ, ಚಿಂತಾಮಣಿ, ಕೊನೆಗೆ ಗೌರಿಬಿದನೂರು ಎಂದು ಊರೂರು ಸುತ್ತಿ, ಮಕ್ಕಳ ಕೈಯಲ್ಲಿ ನೆಟ್ಟಗೆ ಗೆರೆ ಎಳೆಸುವುದರಲ್ಲೇ ಆಯುಷ್ಯ ಕಳೆದೆ. ಸೊಟ್ಟ ಗೆರೆ ಕಂಡರೆ ಈಗಲೂ ಮೈ ಉರಿಯುತ್ತದೆ. ನಿವೃತ್ತಿಯಾದ ಮೇಲೆ ನಾನೂ ನನ್ನ ಹೆಂಡತಿಯೂ ಅಕ್ಕನ ಜೊತೆ ಇರಲೆಂದು ಶಿಡ್ಲಘಟ್ಟಕ್ಕೆ ಬಂದೆವು. ಅಕ್ಕ ಎಂದರೆ ನನಗೆ ತಾಯಿಯೇ. ಅಮ್ಮ ತೀರಿಕೊಂಡಾಗ ನಾನು ಮೂರನೇ ಕ್ಲಾಸಿನಲ್ಲಿದ್ದೆ. ಅಕ್ಕ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಸೇರಿಕೊಂಡು, ಗೂಡು ಬೇಯುವ ಬಿಸಿನೀರಿನ ಮುಂದೆ ನಿಂತೇ ನನ್ನನ್ನು ಓದಿಸಿದಳು. ಮದುವೆಯ ಮಾತು ಬಂದಾಗಲೆಲ್ಲ 'ಮೊದಲು ಇವನದೊಂದು ಆಗ್ಲಿ' ಎಂದು ತಳ್ಳಿಹಾಕಿದಳು. ನನ್ನದು ಆಯಿತು. ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿ ಹಾಗೇ ಉಳಿದವು, ಮಂಡಿ ಸವೆದವು.

ಅವಳಿಗೆ ಒಬ್ಬಳೇ ಗೆಳತಿ. ಅಕ್ಕನ ಪಕ್ಕದ ತೊಟ್ಟಿಯಲ್ಲೇ ವರ್ಷಾನುಗಟ್ಟಲೆ ನೂಲು ತೆಗೆದವರು. ಅಕ್ಕ ಅವರನ್ನು 'ಆಪಾ' ಅನ್ನುತ್ತಿದ್ದಳು, ಅವರು ಇವಳನ್ನು 'ಅಕ್ಕ' ಅನ್ನುತ್ತಿದ್ದರು. ಎರಡರ ಅರ್ಥವೂ ಒಂದೇ. ಯಾರು ದೊಡ್ಡವರು ಎನ್ನುವ ಜಗಳ ಮಾತ್ರ ಕೊನೆಯವರೆಗೂ ತೀರಲಿಲ್ಲ. ಆ ಹೊಗೆ, ಆ ಹಬೆಯಲ್ಲಿ ಉಸಿರಾಡಿ ಆಪಾಗೆ ದಮ್ಮು ಹಿಡಿದಿತ್ತು, ಹೊಸಿಲು ದಾಟಿದರೆ ಏದುಸಿರು. ಹೀಗಾಗಿ ಅಕ್ಕನೇ ಹೋಗುತ್ತಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಸೆರಗಿನ ತುದಿಯಲ್ಲಿ ಎಲೆ ಅಡಿಕೆ ಕಟ್ಟಿಕೊಂಡು ಹೊರಟರೆ ಬರುತ್ತಿದ್ದುದು ಸಂಜೆ ಟೀ ಹೊತ್ತಿಗೆ. ನಮ್ಮ ಮನೆ ಬೀದಿಯ ನಟ್ಟನಡುವೆ, ಆಪಾ ಮನೆ ಬೀದಿ ಮುಗಿಯುವ ಕಡೆ. ಒಂದು ಬೀಡಿ ಸೇದಿ ಮುಗಿಸುವಷ್ಟು ದೂರ. ಅಕ್ಕನಿಗೆ ಅದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಯಾಕೆಂದು ನಾನು ಯಾವತ್ತೂ ಕೇಳಲಿಲ್ಲ. ದಾರಿಯಲ್ಲಿ ಸಿಕ್ಕಿದವರ ಹತ್ತಿರ ಹರಟುತ್ತಾಳೆ ಅಂದುಕೊಂಡಿದ್ದೆ.

ಆಗ ಬೀದಿಯ ಉದ್ದಕ್ಕೂ ಮನೆಗಳ ಮುಂದೆ ಕಲ್ಲಿನ ಜಗಲಿಗಳಿದ್ದವು. ಒಂದು ಮೊಣಕಾಲೆತ್ತರ, ಇನ್ನೊಂದು ಸೊಂಟದೆತ್ತರ. ಒಂದು ಮೂರಡಿ ಮುಂದಕ್ಕೆ ಚಾಚಿದರೆ ಪಕ್ಕದ್ದು ಐದಡಿ. ಜಗಲಿ ಮನೆಯವರದು, ಕೂರುವ ಹಕ್ಕು ದಾರಿಯಲ್ಲಿ ಹೋಗುವವರದು ಎನ್ನುವುದು ಪೇಟೆಯ ರೂಢಿ. ಕೂರಲು ಯಾರೂ ಅಪ್ಪಣೆ ಕೇಳುತ್ತಿರಲಿಲ್ಲ, ಕೂತವರನ್ನು ಯಾರೂ ಏಳಿ ಅನ್ನುತ್ತಿರಲಿಲ್ಲ. ಜಂಗಮಕೋಟೆ ಕಡೆಯಿಂದ ಗೂಡು ತಂದವರು ಮೂಟೆ ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದುದೂ ಅಲ್ಲೇ.

ಇದೆಲ್ಲ ನನ್ನ ಕಣ್ಣಿಗೆ ಹೇಗೆ ಕಂಡಿತು ಅಂತೀರಿ? ಒತ್ತುವರಿಯಾಗಿ ಕಂಡಿತು. ಜಗಲಿಗಳ ದೆಸೆಯಿಂದ ನಡೆಯುವವರು ಬೀದಿಯ ನಡುವಿಗೆ ಬರಬೇಕಿತ್ತು, ನಡುವೆ ಬೈಕುಗಳು ಮೈಮೇಲೆ ಬರುತ್ತಿದ್ದವು. ಒಂದು ಬೆಳಿಗ್ಗೆ ಗೂಡಿನ ಮೂಟೆ ಹೇರಿಕೊಂಡ ಬೈಕೊಂದು ತಗುಲಿ, ಸೈಕಲ್ಲಿನಲ್ಲಿ ಸ್ಕೂಲಿಗೆ ಹೊರಟಿದ್ದ ಹುಡುಗಿ ನನ್ನ ಕಣ್ಣೆದುರೇ ಚರಂಡಿಗೆ ಬಿದ್ದಳು. ಅವಳನ್ನು ಎತ್ತಿ ಮನೆಗೆ ಬಿಟ್ಟು ಬಂದವನೇ ಡ್ರಾಯಿಂಗ್ ಹಾಳೆ ಹರಡಿಕೊಂಡು ಕೂತೆ. ಎರಡೂ ಬದಿಗೆ ಕಾಲುದಾರಿ, ಬಿಳಿ ಗೆರೆಯ ಆಚೆ ಸೈಕಲ್ಲಿಗೆ ಜಾಗ, ಎರಡೂ ತುದಿಗೆ ಬೈಕು, ಆಟೋ ನುಗ್ಗದಂತೆ ಕಬ್ಬಿಣದ ಕಂಬ. ಬೀದಿಯ ಏಳೆಂಟು ಜನರನ್ನು ಸೇರಿಸಿಕೊಂಡು ಅರ್ಜಿ ಹಿಡಿದು ನಗರಸಭೆಗೆ ಅಲೆದೆ. ಅಲ್ಲಿ ನನ್ನ ಹಟ ಗೊತ್ತಿದ್ದವರು ಬೇಗ ಕೈಮುಗಿದು ಒಪ್ಪಿದರು. ಕೊನೆಗೊಂದು ದಿನ ಕೆಲಸ ಮಂಜೂರಾಯಿತು. ಜಗಲಿಗಳನ್ನು ಮಾತ್ರ ಮನೆಯವರೇ ಒಪ್ಪಿ ತೆಗೆಸಬೇಕಿತ್ತು.

ಯಾರೂ ಒಪ್ಪಲಿಲ್ಲ. ಅಜ್ಜನ ಕಾಲದ್ದು ಅಂದರು, ವಾಸ್ತು ಅಂದರು. ಆಗ ನಾನು ಮಾಡಿದ್ದನ್ನು ಊರಿಗೆ ಊರೇ ಮೆಚ್ಚಿಕೊಂಡಿತು. ಹಾರೆ ತೆಗೆದುಕೊಂಡು ನಮ್ಮ ಮನೆಯ ಜಗಲಿಯನ್ನೇ ಮೊದಲು ಕಿತ್ತೆ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನಮ್ದು ಹೋಗ್ಲಿ ಬಿಡು" ಅಂದಳು. "ಆ ಬಾವಿ ಮನೆಯವ್ರದ್ದು ಒಂದು ಇರ್ಲಿ ಕಣಪ್ಪ. ಅದು ಯಾರಿಗೂ ಅಡ್ಡ ಇಲ್ಲ."

"ಒಬ್ಬೊಬ್ರಿಗೆ ಒಂದೊಂದು ನ್ಯಾಯ ಮಾಡಕ್ಕಾಗುತ್ತೇನಕ್ಕ? ಗೆರೆ ಅಂದ್ರೆ ಗೆರೆ."

ಅವಳು ಒಳಗೆ ಹೋದಳು. ಬಾವಿ ಮನೆಯವರು ಅವಳಿಗೆ ಬೇಕಾದವರು, ಮುಖ ನೋಡಿ ಹೇಳುತ್ತಿದ್ದಾಳೆ ಅಂದುಕೊಂಡೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮೇಷ್ಟ್ರು ತಮ್ಮ ಮನೆಯದನ್ನೇ ಒಡೆದರು ಎನ್ನುವ ಸುದ್ದಿ ಮೂಲೆಯ ಎಣ್ಣೆ ಅಂಗಡಿಗೆ ಮುಟ್ಟುವಷ್ಟರಲ್ಲಿ ಉಳಿದವರ ಬಾಯಿ ಕಟ್ಟಿತು. ಅತಿ ಹೆಚ್ಚು ತಕರಾರು ತೆಗೆದಿದ್ದ ಎಣ್ಣೆ ಅಂಗಡಿಯವರೇ "ಸರೆ, ಕಾನೀಯಂಡಿ ಮೇಷ್ಟ್ರೇ" ಎಂದು ತೆಲುಗಿನಲ್ಲಿ ಒಪ್ಪಿಗೆ ಕೊಟ್ಟು ನಿಟ್ಟುಸಿರುಬಿಟ್ಟರು. ಹದಿನೈದು ದಿನದಲ್ಲಿ ಬೀದಿ ಬೋಳಾಯಿತು. ನಾನು ದಾರ ಹಿಡಿಸಿ ಗೆರೆ ನೋಡಿದೆ. ಕೂದಲೆಳೆಯಷ್ಟೂ ಸೊಟ್ಟ ಇರಲಿಲ್ಲ.

ಸುಳ್ಳು ಹೇಳಬಾರದು, ದಾರಿ ಚೆನ್ನಾಗಿಯೇ ಆಯಿತು. ಚರಂಡಿಗೆ ಬಿದ್ದಿದ್ದ ಹುಡುಗಿ ಈಗ ಗಂಟೆ ಬಾರಿಸುತ್ತಾ ಹೋಗುತ್ತಾಳೆ, ನನ್ನನ್ನು ಕಂಡರೆ ಒಂದು ಕೈ ಬಿಟ್ಟು ನಮಸ್ಕಾರ ಮಾಡುತ್ತಾಳೆ. ಎರಡೂ ಕೈಯಲ್ಲಿ ಹಿಡಿಯಮ್ಮ ಎಂದು ನಾನು ಬೈಯುತ್ತೇನೆ.

ಅಕ್ಕ ಮಾತ್ರ ಮನೆಯಿಂದ ಹೊರಡುವುದನ್ನು ನಿಲ್ಲಿಸಿದಳು. ಮೊದಲು ಎರಡು ದಿನಕ್ಕೊಮ್ಮೆ ಅಂತಾಯಿತು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಅದೂ ಇಲ್ಲ. ಕೇಳಿದರೆ "ಮಂಡಿ ನೋವು ಕಣಪ್ಪ" ಅನ್ನುತ್ತಿದ್ದಳು. ನಾನು ಬೈದೆ. "ಇಂಥಾ ದಾರಿ ಮಾಡಿಸಿದೀನಿ, ನಡೆಯಕ್ಕೆ ಸೋಮಾರಿತನ ಅಂದ್ರೆ ಹೇಗೆ? ನಡೆದಷ್ಟೂ ಮಂಡಿಗೆ ಒಳ್ಳೇದು" ಅಂದೆ. ನನ್ನನ್ನು ಸಾಕಿದವಳಿಗೆ ಸೋಮಾರಿ ಅಂದೆ. ಅವಳು ತಲೆಯಾಡಿಸಿ ಟಿವಿ ಕಡೆ ತಿರುಗಿದಳು.

ಏಳೆಂಟು ತಿಂಗಳು ಹೀಗೇ ಹೋಯಿತು. ಒಂದು ಸಂಜೆ ಆಪಾ ಹೇಳಿಕಳಿಸಿದರು. ಅವರ ಮಗಳು ಚಿಂತಾಮಣಿಯಲ್ಲಿದ್ದಳು. ಅಮ್ಮನನ್ನು ಇನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆಂದು ಬಂದಿದ್ದಳಂತೆ. ಬೆಳಿಗ್ಗೆಯೇ ಪ್ರಯಾಣ. ನಾನು ಹೋದಾಗ ಆಪಾ ಮಂಚದ ಮೇಲೆ ದಿಂಬಿಗೆ ಒರಗಿದ್ದರು, ಕೋಣೆಯಲ್ಲಿ ಗಂಟುಮೂಟೆ ಕಟ್ಟಿಯಾಗಿತ್ತು.

"ಅಕ್ಕನ್ನ ಕರ್ಕೊಂಡು ಬಂದಿಲ್ವಾ?"

"ಮಂಡಿ ನೋವಂತೆ ಆಪಾ. ಎಷ್ಟು ಹೇಳಿದ್ರೂ ಏಳಲ್ಲ."

ಅವರು ನನ್ನನ್ನೇ ನೋಡಿದರು. ಉಸಿರು ಎಳೆದುಕೊಂಡು, ಸಿಟ್ಟಿಲ್ಲದೆ ಹೇಳಿದರು. "ಎಲ್ಲಿ ಕೂತ್ಕೋಬೇಕು ಮೇಷ್ಟ್ರೇ ಅವ್ರು? ಮೊದ್ಲು ನಾಲ್ಕು ಕಡೆ ಕೂತು ಬರ್ತಿದ್ರು. ಟೈಲರ್ ಮನೆ ಹತ್ರ ಒಂದು, ಬಾವಿ ಮನೆ ಹತ್ರ ಒಂದು, ಎಣ್ಣೆ ಅಂಗಡಿ, ಆಮೇಲೆ ನಮ್ಮ ಪಕ್ಕದ ಮನೆ. ಬಾವಿ ಮನೇದು ಎತ್ತರ ಸರಿಯಾಗಿತ್ತು, ಏಳಕ್ಕೆ ನೋವಾಗ್ತಿರ್ಲಿಲ್ಲ. ನಿಮ್ಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಪೇಟೆಯ ಪ್ರತಿ ಜಗಲಿಯ ಉದ್ದ, ಅಗಲ, ಎತ್ತರ ನನ್ನ ಹಾಳೆಯಲ್ಲಿತ್ತು. ಅದರ ಮೇಲೆ ಯಾರು ಕೂರುತ್ತಾರೆ ಎಂದು ಬರೆದುಕೊಂಡಿರಲಿಲ್ಲ.

ಮನೆಗೆ ಬಂದು ಅಕ್ಕನ ಮುಂದೆ ನಿಂತೆ. "ನಂಗೆ ಯಾಕಕ್ಕ ಹೇಳ್ಲಿಲ್ಲ?" ಎಂದು ಕೇಳುವಾಗಲೂ ನನ್ನ ದನಿ ಜೋರಾಗಿಯೇ ಇತ್ತು.

"ನೀನು ಊರೋರ ಮುಂದೆ ಅಷ್ಟು ಖುಷಿಯಾಗಿ ಓಡಾಡ್ತಿದ್ದೆ. ನನ್ನ ಮಂಡಿಗೋಸ್ಕರ ಅದನ್ನ ಕೆಡಿಸ್ಲಾ? ಹೋಗ್ಲಿ ಬಿಡು, ಎಲೆ ಅಡಿಕೆ ತಟ್ಟೆ ಈ ಕಡೆ ಕೊಡು" ಅಂದಳು.

ಬೆಳಗ್ಗೆ ಹೇಗಾದರೂ ಮಾಡಿ ಅವಳನ್ನು ಆಪಾ ಮನೆಗೆ ಮುಟ್ಟಿಸಬೇಕು. ಆಟೋ ಮನೆ ಬಾಗಿಲಿಗೆ ಬರುವಂತಿಲ್ಲ, ಕಂಬ ನೆಡಿಸಿದವನು ನಾನೇ. ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರುವ ವಯಸ್ಸು ಅವಳದಲ್ಲ. ಕೊನೆಗೆ ಅಡುಗೆಮನೆಯ ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹೊರಟೆ. ಅಕ್ಕ ನನ್ನ ಭುಜ ಹಿಡಿದು ನಡೆದಳು. ಟೈಲರ್ ಮನೆಯ ಮುಂದೆ ಕುರ್ಚಿ ಹಾಕಿದೆ, ಕೂತಳು. ಅಂಗಡಿಯವರು ಬಾಗಿಲು ತೆಗೆಯುತ್ತಾ ನಮ್ಮನ್ನೇ ನೋಡಿದರು. ಅವಳು ನಾಚಿ ಸೆರಗು ಹೊದ್ದುಕೊಂಡಳು.

"ಮದುವಣಗಿತ್ತಿ ಥರ ಕೂರಿಸಿದೀಯಲ್ಲೋ" ಎಂದು ನಕ್ಕಳು ಕೂಡ.

ಬಾವಿ ಮನೆಯ ಮುಂದೆ ಎರಡನೇ ಸಲ ಕೂತವಳಿಗೆ ಏಳಲು ಆಗಲಿಲ್ಲ. ತಿಂಗಳುಗಟ್ಟಲೆ ನಡೆಯದ ಕಾಲು ಹಿಡಿದುಕೊಂಡುಬಿಟ್ಟಿತ್ತು. ಎರಡು ಸಲ ಪ್ರಯತ್ನಪಟ್ಟಳು, ಮುಖ ಬಿಳುಚಿಕೊಂಡಿತು. ಅಷ್ಟರಲ್ಲಿ ಬೀದಿಯ ಕೊನೆಗೆ, ಕಂಬಗಳ ಆಚೆ ಕಾರು ಬಂದು ನಿಂತಿತು. ಮಗಳು ಆಪಾರನ್ನು ತೋಳು ಹಿಡಿದು ಹೊರಗೆ ತರುವುದು ಕಾಣಿಸಿತು. ನಾನು ಕೂಗಿ ಕೈಬೀಸಿದೆ. ಆಪಾ ತಿರುಗಿ ನೋಡಿದರು. ಅಲ್ಲಿಂದ ಇಲ್ಲಿಗೆ ನಡೆಯುವ ಶಕ್ತಿ ಅವರಿಗಿಲ್ಲ, ಇಲ್ಲಿಂದ ಅಲ್ಲಿಗೆ ಹೋಗುವ ಶಕ್ತಿ ಇವಳಿಗಿಲ್ಲ. ಅವರು ಕೈ ಎತ್ತಿದರು, ಅಕ್ಕನೂ ಕೂತಲ್ಲಿಂದಲೇ ಕೈ ಎತ್ತಿದಳು. ಹಾಗೇ ಸ್ವಲ್ಪ ಹೊತ್ತು ಇಬ್ಬರೂ ಕೈ ಇಳಿಸಲಿಲ್ಲ. ನಡುವೆ ಜಗಲಿಗಳೂ ಅವುಗಳ ಮೇಲೆ ಕೂತವರೂ ಇದ್ದಿದ್ದರೆ ಅಷ್ಟು ದೂರದಿಂದ ಮುಖ ಕಾಣುತ್ತಿರಲಿಲ್ಲ. ನನ್ನ ನೇರ ಗೆರೆ ಅಕ್ಕನಿಗೆ ಮಾಡಿದ ಉಪಕಾರ ಅಷ್ಟೇ.

ಅವಳ ಸೆರಗಿನ ಗಂಟಿನಲ್ಲಿದ್ದ ಎಲೆ ಅಡಿಕೆ ಹಾಗೇ ವಾಪಸು ಬಂತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ ನಾನು ಮತ್ತೆ ಅರ್ಜಿ ಹಿಡಿದು ಅಲೆದೆ. ಈ ಸಲ ನಕ್ಷೆ ಬರೆಯುವ ಮೊದಲು ಪೇಟೆಯ ಮುದುಕಿಯರನ್ನೆಲ್ಲ ಕೇಳಿದೆ. ಎಷ್ಟು ಹೆಜ್ಜೆಗೆ ಸುಸ್ತಾಗುತ್ತೆ, ಎಷ್ಟು ಎತ್ತರ ಇದ್ದರೆ ಏಳಲು ಸುಲಭ ಅಂತ. ಕಲ್ಲಿನ ಬೆಂಚುಗಳು ಬರಲು ವರ್ಷವೇ ಹಿಡಿಯಿತು. ನಾಲ್ಕು ಬೆಂಚು, ಅಕ್ಕ ಕೂರುತ್ತಿದ್ದ ನಾಲ್ಕು ಕಡೆ. ಗೆರೆ ನಾಲ್ಕು ಕಡೆ ಸೊಟ್ಟಾಯಿತು.

ಬೆಂಚು ಬರುವ ಮೊದಲೇ ಬಂದ ಚಳಿಗಾಲವನ್ನು ಆಪಾ ದಾಟಲಿಲ್ಲ. ಚಿಂತಾಮಣಿಯಿಂದ ಫೋನು ಬಂದಾಗ ಅಕ್ಕ "ನನಗಿಂತ ದೊಡ್ಡೋರು ಅಂತ ಕೊನೆಗೂ ತೋರಿಸಿಬಿಟ್ರು" ಅಂದಳು.

ಬೆಂಚು ಹಾಕಿದ ಮಾರನೇ ದಿನ ಅವಳನ್ನು ಮೆಲ್ಲಗೆ ನಡೆಸಿಕೊಂಡು ಹೋದೆ. ಟೈಲರ್ ಮನೆಯ ಮುಂದೆ ಕೂತಳು, ಬಾವಿ ಮನೆಯ ಮುಂದೆ ಕೂತಳು. ಕಲ್ಲನ್ನು ಅಂಗೈಯಿಂದ ಸವರಿ ಎತ್ತರ ಸರಿಯಾಗಿದೆ ಅಂದಳು. ಯಾರ ಕೈಯೂ ಹಿಡಿಯದೆ ತಾನೇ ಎದ್ದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಬಾ ಅಕ್ಕ, ಇನ್ನೆರಡೇ ಇದೆ, ಅಲ್ಲಿವರೆಗೂ ಹೋಗಣ ಎಂದು ಅವಸರ ಮಾಡಿದೆ.

ಅವಳು ಬೀದಿಯ ಕೊನೆಯವರೆಗೂ ಒಂದು ಸಲ ಕಣ್ಣಾಡಿಸಿದಳು.

"ಅಲ್ಲಿಗೆ ಹೋಗಿ ಇನ್ಯಾರನ್ನ ನೋಡ್ಲಪ್ಪ" ಅಂದಳು. "ನಡಿ, ಮನೆಗೆ ಹೋಗಣ."