ಹುಳದ ಮನೆಯಲ್ಲಿ ಓದಿದವಳು

ನಾನು ಎಸ್ಸೆಸ್ಸೆಲ್ಸಿ ಫೇಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ನನ್ನನ್ನು ಯಾರಿಗೆ ಪರಿಚಯ ಮಾಡಿಸಿದರೂ ಇದನ್ನೇ ಮೊದಲು ಹೇಳುತ್ತಿದ್ದರು. "ನಮ್ ಹುಡುಗಿಗೆ ಓದು ಹತ್ಲಿಲ್ಲ." ಅದು ಸುಳ್ಳು. ಟೀಚರ್ ಆಗಬೇಕು ಅಂತ ನನಗಿದ್ದ ಹಟ ಆ ಮನೆಯಲ್ಲಿ ಬೇರೆ ಯಾರಿಗೂ ಯಾವುದರ ಮೇಲೂ ಇರಲಿಲ್ಲ.

ಬಿಳಿ ಹಾಳೆಯ ಮೇಲೆ ಅಕ್ಷರಗಳು ನಿಲ್ಲುತ್ತಿರಲಿಲ್ಲ, ಇಷ್ಟೇ ನನ್ನ ತೊಂದರೆ. ಒತ್ತಕ್ಷರಗಳು ಜಾರಿ ಕೆಳಗಿನ ಸಾಲಿಗೆ ಸೇರಿಕೊಳ್ಳುತ್ತಿದ್ದವು. ಕಿಟಕಿಯ ಬಿಸಿಲು ಪುಸ್ತಕದ ಮೇಲೆ ಬಿತ್ತೋ, ಕಣ್ಣಲ್ಲಿ ನೀರು, ಹುಬ್ಬಿನ ಮೇಲೆ ನೋವು. ಎಲ್ಲರಿಗೂ ಹೀಗೇ ಆಗುತ್ತದೆ, ಅವರು ತಡೆದುಕೊಂಡು ಓದುತ್ತಾರೆ, ನನಗೇ ತಾಳ್ಮೆ ಸಾಲದು ಎಂದುಕೊಂಡಿದ್ದೆ. ಅಕ್ಷರ ಕುಣಿಯುತ್ತವೆ ಎಂದು ಮನೆಯಲ್ಲಿ ಹೇಳಿದ್ದೆ. ಅಮ್ಮ ಶ್ರೀನಿವಾಸಪುರದ ಕಡೆಯವಳು, ಗಾಬರಿಯಾದರೆ ಬಾಯಿಗೆ ಬರುವುದು ತೆಲುಗೇ. "ದಿಷ್ಟಿ ತಗಿಲಿಂದೇಮೋ" ಎಂದು ದೃಷ್ಟಿ ತೆಗೆಯಲು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಒಲೆ ಘಾಟೆದ್ದು ಕಣ್ಣು ಇನ್ನಷ್ಟು ಉರಿಯುತ್ತಿತ್ತು.

ವಕ್ಕಲೇರಿ ಹತ್ತಿರದ ನಮ್ಮೂರಿನಲ್ಲಿ ಆಗ ಸುಮಾರು ಮನೆಗಳಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ನಮ್ಮ ಹುಳದ ಮನೆಯ ಕಿಟಕಿಗಳಿಗೆಲ್ಲ ಗೋಣಿಚೀಲ. ಜೋರು ಬೆಳಕು ಹುಳಕ್ಕೆ ಆಗದು ಎಂದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಹುಳ ಜ್ವರಕ್ಕೆ ಕೂತಾಗಲಂತೂ, ಅಂದರೆ ಪೊರೆ ಬಿಡಲು ಸೊಪ್ಪು ಬಿಟ್ಟು ಸುಮ್ಮನೆ ತಲೆಯೆತ್ತಿ ಕೂತಾಗ, ಬಾಗಿಲು ಜಾಸ್ತಿ ತೆರೆದರೂ ಬೈಗುಳ. ಸಾವಿರಾರು ಹುಳಗಳ ಕಷ್ಟ ತಿಳಿದ ಮನುಷ್ಯನಿಗೆ ಮಗಳ ಎರಡು ಕಣ್ಣಿನ ಕಷ್ಟ ತಿಳಿಯಲಿಲ್ಲ. ಹುಳವಾದರೆ ಗೂಡು ಕಟ್ಟುತ್ತದೆ, ಮಗಳು ಏನು ಕಟ್ಟುತ್ತಾಳೆ?

ಹುಳ ಬಿಡುವ ತಟ್ಟೆಗಳಿಗೆ ಹಾಸಲು ಹಳೆಯ ಪೇಪರುಗಳಿರುತ್ತಿದ್ದವು. ಹಳದಿ ತಿರುಗಿದ ಕಾಗದ, ಗೋಣಿಚೀಲದಿಂದ ಸೋಸಿ ಬರುವ ಮಬ್ಬು ಬೆಳಕು. ಅಲ್ಲಿ ಅಕ್ಷರಗಳು ಅಲುಗದೆ ನಿಲ್ಲುತ್ತಿದ್ದವು. ಯಾಕೆಂದು ನನಗೆ ಗೊತ್ತಿರಲಿಲ್ಲ. ತಟ್ಟೆಯ ಕಸ ತೆಗೆಯುತ್ತಿದ್ದ ಅಮ್ಮನಿಗೆ ಒಂದು ದಿನ ಸಿನಿಮಾ ಸುದ್ದಿ ಓದಿ ಹೇಳುತ್ತಿದ್ದೆ. ಸೊಪ್ಪಿನ ಹೊರೆ ಹೊತ್ತು ಬಂದ ಅಪ್ಪ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು.

"ಏನೇ ಕಳ್ಳಿ, ಇಲ್ಲಿ ಗಡಗಡ ಅಂತ ಓದ್ತೀಯ! ಇಸ್ಕೂಲಲ್ಲಿ ಮಾತ್ರ ಅಕ್ಷರ ಕುಣೀತವಾ?"

"ಇಲ್ಲಿ ಕುಣಿಯಲ್ಲಪ್ಪ."

"ಹೌದೌದು, ಇಲ್ಲಿ ಪರೀಕ್ಷೆ ಇಲ್ವಲ್ಲ!"

ಅಪ್ಪ ಕೆಟ್ಟವರಲ್ಲ. ಕಣ್ಣಾರೆ ಕಂಡದ್ದನ್ನು ನಂಬಿದರು, ಅಷ್ಟೇ. ಆದರೆ ಅವತ್ತಿನಿಂದ ನನ್ನ ಪರವಾಗಿ ಸಾಕ್ಷಿಯಾಗಬೇಕಾಗಿದ್ದ ಹುಳದ ಮನೆ ನನ್ನ ವಿರುದ್ಧವೇ ಸಾಕ್ಷಿಯಾಯಿತು. ಅಪ್ಪ ಸ್ಕೂಲಿಗೆ ಹೋಗಿ ಅದನ್ನೇ ಹೇಳಿದರು. ಮೇಷ್ಟ್ರು ಇಡೀ ಕ್ಲಾಸಿನ ಮುಂದೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದರು. ಎಲ್ಲರೂ ನಕ್ಕರು. ಸ್ಕೂಲಿಗೆ ಕಣ್ಣು ತಪಾಸಣೆಗೆ ಬಂದ ಡಾಕ್ಟರು ಗೋಡೆಗೆ ಹಾಳೆ ನೇತುಹಾಕಿ, ದಪ್ಪ ದಪ್ಪ ಅಕ್ಷರಗಳನ್ನು ಒಂದೊಂದಾಗಿ ತೋರಿಸಿದರು. ಒಂದೊಂದೇ ಅಕ್ಷರ ಓದಲು ನನಗೇನು ಕಷ್ಟ? ಕೊನೆಯ ಸಾಲಿನವರೆಗೂ ಓದಿದೆ. "ಕಣ್ಣು ಫಸ್ಟ್ ಕ್ಲಾಸ್" ಎಂದು ಕಳಿಸಿದರು. ಅಲ್ಲಿಗೆ ನಾನು ಸುಳ್ಳಿ ಎನ್ನುವುದು ಡಾಕ್ಟರ ಬಾಯಲ್ಲೂ ಖಾತ್ರಿಯಾಯಿತು.

ಪರೀಕ್ಷೆಯಲ್ಲಿ ನನ್ನ ಜಾಗ ಬಿಸಿಲು ಬೀಳುವ ಕಿಟಕಿ ಪಕ್ಕ. ಪ್ರಶ್ನೆಪತ್ರಿಕೆ ಕಾದ ತಗಡಿನ ಹಾಗೆ ಹೊಳೆಯುತ್ತಿತ್ತು. ಮೂಲೆಯ ಬೆಂಚು ಖಾಲಿ ಇತ್ತು. "ಅಲ್ಲಿ ಕೂತ್ಕೊಳ್ಳಾ ಮೇಡಂ?" ಎಂದು ಕೇಳಿದೆ. ನಂಬರು ಎಲ್ಲಿದೆಯೋ ಅಲ್ಲೇ ಕೂರಬೇಕು ಎಂದರು. ಹುಳದ ಮನೆಯಲ್ಲಿ ಕೂತು ಓದಿದ್ದೆಲ್ಲ ತಲೆಯಲ್ಲಿತ್ತು, ಪ್ರಶ್ನೆ ಏನೆಂದು ಮಾತ್ರ ತಿಳಿಯಲಿಲ್ಲ. ರಿಸಲ್ಟ್ ಬಂದ ದಿನ ಅಪ್ಪ ಬೈಯಲಿಲ್ಲ, ಸಮಾಧಾನವೇ ಮಾಡಿದರು. "ಹೋಗ್ಲಿ ಬಿಡಮ್ಮ, ಹುಳಕ್ಕೆ ನಿನ್ ಕೈಗುಣ ಚೆನ್ನಾಗೈತೆ." ಬೈದಿದ್ದರೇ ವಾಸಿಯಿತ್ತು. ಇನ್ನೊಂದು ಸಲ ಕಟ್ಟುತ್ತೇನೆ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮದುವೆಯಾಗುವವರೆಗೂ ಹುಳಕ್ಕೆ ಸೊಪ್ಪು ಹಾಕಿದೆ.

ಮದುವೆಯಾಗಿ ಮಾಲೂರಿಗೆ ಬಂದೆ. ಅಲ್ಲೊಂದು ಫ್ಯಾಕ್ಟರಿಯಲ್ಲಿ ಬಟ್ಟೆ ಚೆಕ್ಕಿಂಗ್ ಕೆಲಸ, ತಲೆಯ ಮೇಲೆ ಬೆಳ್ಳನೆಯ ಲೈಟುಗಳ ಸಾಲು. ತಲೆನೋವು ತಡೆಯಲಾರದೆ ಬೆಂಗಳೂರಿನಲ್ಲಿ ಒಬ್ಬ ಕಣ್ಣಿನ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಗೋಡೆಯ ಹಾಳೆಗೆ ನಿಲ್ಲಿಸಲಿಲ್ಲ, ಒಂದು ಪುಟ ಕೊಟ್ಟು ಓದಿ ಎಂದರು. ನಾನು ಒದ್ದಾಡುವುದನ್ನು ನೋಡಿ, ಬಣ್ಣದ ಗಾಜುಗಳನ್ನು ಒಂದೊಂದಾಗಿ ಕಣ್ಣ ಮುಂದೆ ಹಿಡಿದರು. ಹಸಿರಿಗೆ ಏನೂ ಆಗಲಿಲ್ಲ. ನಸುಗೆಂಪಿಗೆ ಸಾಲುಗಳು ನಿಂತವು. ಮೇಲಿಂದ ಕೆಳಗಿನವರೆಗೆ ಓದಿದೆ.

"ಇದು ಎಲ್ಲರಿಗೂ ಆಗಿಬರಲ್ಲಮ್ಮ, ಇದನ್ನ ಒಪ್ಪದ ಡಾಕ್ಟರುಗಳೂ ಇದ್ದಾರೆ. ನಿಮಗೆ ಹಿತ ಅನ್ನಿಸಿದರೆ ಹಾಕ್ಕೊಳ್ಳಿ" ಎಂದರು.

ಇಂಥ ಹೊತ್ತಲ್ಲಿ ಸಂತೋಷವಾಗುತ್ತದೆ ಎನ್ನುತ್ತಾರೆ. ನನಗೆ ಬಂದದ್ದು ಸಿಟ್ಟು. ಹುಚ್ಚು ಸಿಟ್ಟು. ಒಂದು ಚೂರು ಬಣ್ಣದ ಗಾಜಿಗೆ ನನ್ನ ಇಡೀ ಓದು ಹೋಗಿತ್ತಲ್ಲ! ಆ ಗಾಜಿನ ಕನ್ನಡಕ ಮಾಡಿಸಿಕೊಂಡೆ. ಅದನ್ನು ಹಾಕಿಕೊಂಡು ಮಾಲೂರಿನ ರೈಲು ಹತ್ತಿದರೆ ಜನ ಮದ್ರಾಸ್ ಐ ಎಂದು ದೂರ ಸರಿಯುತ್ತಾರೆ. ಸೀಟು ಸಿಗುತ್ತದೆ, ಅದೊಂದು ಲಾಭ.

ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಬಿಡಿಸಿ ಹೇಳಿದ್ದೆ. ಅಣ್ಣ "ಒಳ್ಳೆ ಹೀರೋಯಿನ್ ಆಗಿದ್ದೀಯ" ಎಂದು ನಕ್ಕ. ಅಪ್ಪ "ಓಹೋ" ಎಂದರು.

ಕಳೆದ ವರ್ಷ ಕೋಲಾರದಲ್ಲಿ ಅಪ್ಪನಿಗೆ ಕಣ್ಣಿನ ಪೊರೆ ತೆಗೆದರು. ನೋಡಲು ಊರಿಗೆ ಹೋದೆ. ಕಪ್ಪು ಕನ್ನಡಕ ಹಾಕಿ ಮಂಚದ ಮೇಲೆ ಕೂತಿದ್ದರು. "ಬೆಳಕು ಸೂಜಿ ಚುಚ್ಚಿದಂಗೆ ಚುಚ್ತದೆ ಕಣಮ್ಮ" ಎಂದರು. ಅತ್ತಿಗೆ ಕಿಟಕಿಗೆ ಎರಡು ಮಡಿಕೆ ಸೀರೆ ಕಟ್ಟಿದ್ದಳು. ಟ್ಯೂಬ್‌ಲೈಟ್ ಮುಟ್ಟಬಾರದು ಎಂದು ಅಣ್ಣ ಮಕ್ಕಳಿಗೆಲ್ಲ ಕಟ್ಟಪ್ಪಣೆ ಮಾಡಿದ್ದ. ಅಪ್ಪ ಬೆಳಕು ಆಗಲ್ಲ ಎಂದರೆ ಬೆಳಕು ಆಗಲ್ಲ, ಯಾರೂ ಕಳ್ಳಾಟ ಎನ್ನಲಿಲ್ಲ. ನಾನೂ ಅನ್ನಲಿಲ್ಲ.

ಸಂಜೆ ಯಾವ ಡ್ರಾಪ್ಸ್ ಯಾವಾಗ ಎಂದು ಅನುಮಾನ ಬಂತು. ಅಪ್ಪ ಆಸ್ಪತ್ರೆಯ ಹಾಳೆ ನನ್ನ ಕೈಗಿಟ್ಟು ಓದು ಎಂದರು. ಕನ್ನಡಕ ಹಾಕಿಕೊಂಡು, ಬಾಗಿಲ ಹತ್ತಿರ ನಿಂತು, ಎಲ್ಲೂ ತಡವರಿಸದೆ ಓದಿದೆ. ಮುಗಿಯುವವರೆಗೂ ಅಪ್ಪ ತಲೆಯಾಡಿಸುತ್ತಾ ಕೇಳಿದರು.

"ನೋಡಿದ್ಯೇನೇ, ಓದಕ್ಕೆ ಬರ್ತದೆ ನಿಂಗೆ! ನಾನ್ ಅವತ್ತೇ ಹೇಳಿದ್ದೆ. ಮನಸ್ಸಿಟ್ಟಿದ್ರೆ ಇಷ್ಟೊತ್ತಿಗೆ ಟೀಚರ್ ಆಗಿರ್ತಿದ್ದೆ."

ಅವರ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾದ ಹೆಮ್ಮೆಯಿತ್ತು. ಕೈಚಾಚಿ ಟ್ಯೂಬ್‌ಲೈಟ್ ಹಾಕಿದೆ.

"ಅಯ್ಯಯ್ಯೋ, ಆರ್ಸಮ್ಮ, ಆರ್ಸು" ಎಂದು ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಆರಿಸಿದೆ. ಕೂಗಿದ ಕೂಡಲೇ ಆರಿಸಲಿಲ್ಲ, ಅಷ್ಟೇ.