ಬರೀ ವಾಸ್ನೆ ತಕ್ಕೊಂಡ್ ಬಾ

ನಿನ್ನೆ ಹಿಂದೂಪುರದ ಪೇಟೆಯಲ್ಲಿ ಕೊಂಡ ಬೆಲ್ಲವನ್ನು ಔಷಧಿ ಚೀಲದಲ್ಲೇ ಹಾಕಿಕೊಂಡು ಬಂದಿದ್ದೆ. ಮನೆಗೆ ಬಂದು ನೋಡಿದರೆ ಸ್ಪಿರಿಟ್ ಬಾಟಲಿಯ ಮುಚ್ಚಳ ಸಡಿಲವಾಗಿ ಬೆಲ್ಲವೆಲ್ಲ ತೊಯ್ದಿತ್ತು. "ಇದನ್ನ ಯಾರು ತಿಂತಾರೆ, ನೀವೇ ತಿನ್ನಿ" ಎಂದು ಹೆಂಡತಿ ಬೈದಳು. ಬೈಗುಳ ನನ್ನ ಕಿವಿಗೆ ಹೋಗಲೇ ಇಲ್ಲ. ಸ್ಪಿರಿಟ್ಟೂ ಬೆಲ್ಲವೂ ಬೆರೆತ ಆ ವಾಸನೆಗೆ ಹಸುವಿನ ಅಜ್ಜಿ ನೆನಪಾಗಿಬಿಟ್ಟರು...

ಆಗ ನಾನು ಕಲ್ಯಾಣದುರ್ಗದ ಕಡೆ, ಸೆಟ್ಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಪಶುವೈದ್ಯ ಸಹಾಯಕ. ಹೊಸ ಕೆಲಸ, ಹೊಸ ಜಂಬ. ಅಜ್ಜಿಗೆ ಇದ್ದದ್ದು ಒಂದೇ ಹಸು, ಅದರ ಹಾಲಿನಲ್ಲೇ ಅವರ ಜೀವನ. ಲಸಿಕೆ ಹಾಕಲು ಹೋದ ಮೊದಲ ದಿನವೇ ಅವಸರ ಮಾಡಿ ಅದರ ಕುತ್ತಿಗೆಯಲ್ಲಿ ಸೂಜಿ ಮುರಿದೆ. ಹೇಗೋ ಕಿತ್ತು ತೆಗೆದೆ, ಗಾಯವೂ ಮಾಯಿತು. ಆದರೆ ಅಂದಿನಿಂದ ಸ್ಪಿರಿಟ್ ವಾಸನೆ ಬಂದರೆ ಸಾಕು, ಹಸು ಹಗ್ಗ ಕಿತ್ತುಕೊಂಡು ಓಡುತ್ತಿತ್ತು. ನಾನು ಬುದ್ಧಿವಂತಿಕೆ ತೋರಿಸಲು ಅಂಗಿ ಬದಲಿಸಿ, ತಲೆಗೆ ಟವೆಲ್ ಸುತ್ತಿಕೊಂಡು ಹೋದೆ. ಹಸು ನನ್ನನ್ನು ಬೇಲಿಯವರೆಗೂ ಅಟ್ಟಿಸಿಕೊಂಡು ಬಂತು. ಅಜ್ಜಿ ನಕ್ಕೂ ನಕ್ಕೂ ಕೆಮ್ಮಿದರು.

ನಗು ನಿಂತ ಮೇಲೆ ಅವರ ಮುಖ ಸಪ್ಪಗಾಯಿತು. "ನಾಳೆ ಕೆಚ್ಚಲು ಬಾವು ಗೀವು ಬಂದ್ರೆ ಯಾರಪ್ಪ ಮುಟ್ತಾರೆ? ಅಳಿಯ ಈಗ್ಲೇ ಮಾರ್ಬುಡು ಅಂತವ್ನೆ. ನೀನೊಂದ್ ಕೆಲ್ಸ ಮಾಡು ಡಾಕ್ಟ್ರಪ್ಪ. ಸೂಜಿ ಮನೇಲಿಟ್ಬುಟ್ಟು ಬರೀ ವಾಸ್ನೆ ತಕ್ಕೊಂಡ್ ಬಾ."

ನಾನು ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ದಿನಾ ಬೆಳಿಗ್ಗೆ ಒಂದು ಕೈಯಲ್ಲಿ ಸ್ಪಿರಿಟ್ ಹತ್ತಿ, ಇನ್ನೊಂದರಲ್ಲಿ ಬೆಲ್ಲ ಹಿಡಿದು ಅವರ ಹಿತ್ತಲಲ್ಲಿ ನಿಲ್ಲುತ್ತಿದ್ದೆ. ಅಜ್ಜಿ ಹಸುವಿನ ಕುತ್ತಿಗೆ ಸವರುತ್ತಾ, "ದಾ ತಲ್ಲೀ, ಏಂ ಕಾದುಲೇ, ನೇನುನ್ನಾ ಕದಾ" ಎನ್ನುತ್ತಿದ್ದರು. ಬಾ ತಾಯಿ, ಏನೂ ಆಗಲ್ಲ, ನಾನಿದ್ದೀನಲ್ಲ ಎಂದು. ನಮ್ಮ ಜೊತೆ ಕನ್ನಡ, ಹಸುವಿನ ಜೊತೆ ತೆಲುಗು. ಯಾಕೆಂದು ಕೇಳಿದರೆ, "ಈ ಹಸ ಸೋಮಂದೇಪಲ್ಲಿ ತೆಲುಗೋರ ಮನೇಲಿ ಹುಟ್ಟಿದ್ದು ಕಣಪ್ಪ, ಅದುಕ್ಕೆ ಕನ್ನಡ ಬರಾಕಿಲ್ಲ" ಎಂದರು. ತಿಂಗಳೊಪ್ಪತ್ತಿನಲ್ಲಿ ಹಸು ನನ್ನ ಸ್ಪಿರಿಟ್ ಕೈಯನ್ನೇ ನೆಕ್ಕತೊಡಗಿತು. ಮುಂದಿನ ಲಸಿಕೆಗೆ ಅಲುಗಾಡದೆ ನಿಂತಿತು.

ಆಮೇಲೆ ಒಂದು ತರಬೇತಿಯಲ್ಲಿ ಕೇಳಿದೆ. ಮೆದುಳಿನ ನರಕೋಶಗಳಲ್ಲಿ ಗ್ರಾಹಕಗಳೆಂಬ ಪುಟ್ಟ ಬಾಗಿಲುಗಳಿವೆಯಂತೆ. ಹೆದರಿಕೆಯ ನೆನಪು ಮೇಲೇಳುವುದೂ ತಣ್ಣಗಿರುವುದೂ ಬಹಳಮಟ್ಟಿಗೆ ಅವುಗಳ ಕೈಯಲ್ಲಿದೆಯಂತೆ. ಕೆಲವನ್ನು ಔಷಧಿಯಿಂದ ತಡೆದರೆ, ಪ್ರಯೋಗಕ್ಕೆಂದು ಹೆದರಿಸಿದ ಇಲಿ ಹಳೆಯದನ್ನು ನೆನೆದು ಅಷ್ಟಾಗಿ ಬೆಚ್ಚುವುದಿಲ್ಲ. ಹೆದರಬೇಡ ಎಂದು ಕಲಿಸಿದರೂ ಹಳೆಯದು ಅಳಿಯುವುದಿಲ್ಲ, ಜಾಗ ಬದಲಾದರೆ ಮತ್ತೆ ಎದ್ದೀತು. ಇದನ್ನೆಲ್ಲ ಅಜ್ಜಿಗೆ ಹೇಳಿದೆ. "ಇಲಿ ಹೆದ್ರಸಾಕೂ ಸಂಬ್ಳ ಕೊಡ್ತಾರೇನಪ್ಪ?" ಎಂದು ಕೇಳಿದರು. ಉಳಿದದ್ದು ಅವರಿಗೆ ಮೊದಲೇ ಗೊತ್ತಿತ್ತೋ ಏನೋ...

ಎರಡು ವರ್ಷದ ಹಿಂದೆ ಅಜ್ಜಿ ತೀರಿಕೊಂಡರು. ಅಷ್ಟರಲ್ಲಿ ನನಗೆ ಹಿಂದೂಪುರಕ್ಕೆ ವರ್ಗವಾಗಿತ್ತು, ಮಣ್ಣಿಗೆ ಹೋಗಲಾಗಲಿಲ್ಲ. ಆ ಸಂಕಟ ಇನ್ನೂ ಇದೆ. ಇಲ್ಲೇ ಇರುವ ಅವರ ಮಗಳು ಹಸುವನ್ನು ತಂದು ಕಟ್ಟಿಕೊಂಡಿದ್ದಳು. ಹೋದ ತಿಂಗಳು ಅವಳ ಫೋನ್ ಬಂತು. ಅಮ್ಮನ ಮೊಬೈಲಿನಲ್ಲಿ ನನ್ನ ನಂಬರು ಡಾಕ್ಟ್ರಪ್ಪ ಎಂದೇ ಇತ್ತಂತೆ. "ಕೆಚ್ಚಲು ಬಾವು ಸಾರ್, ಯಾರ್ನೂ ಹತ್ರ ಬಿಟ್ಕೊಳ್ಳಾಕಿಲ್ಲ. ನಮ್ಮೋರು ಸಂತೆಗೆ ಹೊಡೀತೀನಿ ಅಂತವ್ರೆ."

ಹೋದೆ. ಹತ್ತಿ ತೆಗೆದದ್ದೇ ತಡ, ಹಸು ಹಗ್ಗ ಜಗ್ಗುತ್ತಾ ಗಡಗಡ ನಡುಗಿತು. ಬೆಲ್ಲವನ್ನು ಮೂಸಲೂ ಇಲ್ಲ. ಬೇರೆ ದಾರಿ ಕಾಣದೆ ಅಜ್ಜಿಯ ರಾಗದಲ್ಲೇ ಹೇಳಿದೆ: "ದಾ ತಲ್ಲೀ, ಏಂ ಕಾದುಲೇ, ನೇನುನ್ನಾ ಕದಾ."

ಹಸುವಿನ ಕಿವಿ ನಿಗುರಿತು. ನಡುಕ ನಿಂತಿತು. ಅದು ನನ್ನನ್ನು ನೋಡಲಿಲ್ಲ, ನನ್ನ ಹಿಂದಿದ್ದ ಗೇಟಿನ ಕಡೆಯೇ ನೋಡುತ್ತಾ ನಿಂತಿತು. ಸೂಜಿ ಹಾಕಿದೆ, ಕಣ್ಣು ಕದಲಿಸಲಿಲ್ಲ. ಐದು ದಿನವೂ ಹಾಗೇ. ಈಗ ಬಾವು ಇಳಿದಿದೆ, ಸಂತೆಯ ಮಾತೂ ನಿಂತಿದೆ.

ತೊಯ್ದ ಬೆಲ್ಲವನ್ನು ನಾನಿನ್ನೂ ಬಿಸಾಡಿಲ್ಲ. ಆ ದಿನ ಹಸು ನೋಡುತ್ತಿದ್ದ ಗೇಟಿನ ಕಡೆ ನಾನೂ ಒಂದು ಸಲ ತಿರುಗಿ ನೋಡಿದ್ದೆ... ಅಲ್ಲಿ ಯಾರೂ ಇರಲಿಲ್ಲ.